ಒಂದು ಮೊಳೆಯ ಜಾಗ

ಮುಂಬಯಿಗೆ ಬಂದ ನಮ್ಮವರ ಚರಿತ್ರೆ ಬರೆದವರು ಹೋಟೆಲುಗಳ ಬಗ್ಗೆ ಬರೆದಿದ್ದಾರೆ, ರಾತ್ರಿ ಶಾಲೆಗಳ ಬಗ್ಗೆ ಬರೆದಿದ್ದಾರೆ, ಸಂಘ, ಯಕ್ಷಗಾನ, ನಾಟಕ, ಪತ್ರಿಕೆ ಎಲ್ಲದರ ಬಗ್ಗೆಯೂ ಬರೆದಿದ್ದಾರೆ. ಗೋಡೆಯ ಬಗ್ಗೆ ಬರೆದವರನ್ನು ನಾನು ಕಂಡಿಲ್ಲ. ಊರಲ್ಲಿ ಕೂತು ಓದುವ ನಿಮಗೆ ಇದು ತಮಾಷೆ ಅನ್ನಿಸಬಹುದು. ಗೋಡೆಗೇನು ಚರಿತ್ರೆ? ಆದರೆ ಒಂದೇ ಖೋಲಿಯಲ್ಲಿ ಆರೇಳು ಜನ ಬದುಕಬೇಕಾದಾಗ ನೆಲ ಬೇಗ ಮುಗಿದುಹೋಗುತ್ತದೆ. ಆಮೇಲೆ ಉಳಿಯುವುದು ಗೋಡೆ, ಮತ್ತೆ ತಲೆಯ ಮೇಲಿನ ಸೂರು. ಅಂಗಿ, ಕೊಡೆ, ದೇವರ ಪಟ, ಪಾತ್ರೆ ಇಡುವ ಹಲಗೆ, ಮಗುವಿನ ತೊಟ್ಟಿಲು, ಎಲ್ಲವೂ ತೂಗಬೇಕು. ತೂಗಬೇಕಾದರೆ ಗೋಡೆ ಹಿಡಿದುಕೊಳ್ಳಬೇಕು. ಗೋಡೆ ಯಾವುದನ್ನು ಹಿಡಿದುಕೊಳ್ಳುತ್ತದೆ, ಯಾವುದನ್ನು ಉಗುಳುತ್ತದೆ ಅನ್ನುವುದು ಈ ಊರಲ್ಲಿ ಸಣ್ಣ ಪ್ರಶ್ನೆ ಆಗಿರಲೇ ಇಲ್ಲ.

ಇದನ್ನು ಹೇಳಲು ನನಗಿರುವ ಅರ್ಹತೆ ಇಷ್ಟೇ: ನಾಗದೇವಿ ಸ್ಟ್ರೀಟಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಬಹಳ ವರ್ಷ ಲೆಕ್ಕ ಬರೆದವನು ನಾನು. ಕ್ರಾಫರ್ಡ್ ಮಾರ್ಕೆಟ್ಟಿನಿಂದ ಮಸ್ಜಿದ್ ಬಂದರಿನ ಕಡೆಗೆ ನಡೆದರೆ ಸಿಗುವ ಆ ಬೀದಿಯಲ್ಲಿ ಮೊಳೆ, ಸ್ಕ್ರೂ, ಬೋಲ್ಟು, ಬಿಟ್ಟು, ಮಷೀನು ಬಿಟ್ಟು ಬೇರೆ ಮಾತಿಲ್ಲ. ಇಂಜಿನಿಯರಿಂಗ್ ಓದಿದವನಲ್ಲ. ಆದರೆ ಕೌಂಟರಿನ ಆಚೆ ನಿಂತ ವೈರ್‌ಮನ್, ಬಡಗಿ, ಮಿಸ್ತ್ರಿಗಳು ಮುಂಬಯಿಯ ಗೋಡೆಗಳನ್ನು ಬೈಯುವುದನ್ನು ಕೇಳಿ ಕೇಳಿ ಒಂದಿಷ್ಟು ತಿಳಿದಿದೆ.

ಊರಿನ ಗೋಡೆಯಿಂದ ಶುರು ಮಾಡೋಣ. ಕರಾವಳಿಯಲ್ಲಿ ಮುರಕಲ್ಲು, ಬಯಲುಸೀಮೆಯಲ್ಲಿ ಮಣ್ಣು ಇಲ್ಲವೇ ಕಲ್ಲು. ಈ ಗೋಡೆಗಳಿಗೆ ಆಮೇಲೆ ಏನನ್ನೂ ಹೊಡೆಯುವ ಪದ್ಧತಿ ಹೆಚ್ಚಿಗೆ ಇರಲಿಲ್ಲ. ಗೋಡೆ ಏರುವಾಗಲೇ ಮರದ ಗೂಟಗಳನ್ನು ಸಾಲಾಗಿ ಇಟ್ಟು ಕಟ್ಟಿಬಿಡುತ್ತಿದ್ದರು. ಉತ್ತರ ಕರ್ನಾಟಕದ ದೊಡ್ಡ ಮನೆಗಳಲ್ಲಿ ಗಿಳಿಯ ಆಕಾರ ಕೆತ್ತಿದ ಗಿಳಿಗೂಟಗಳನ್ನು ನೋಡಿದವರು ಈಗಲೂ ಇದ್ದಾರೆ. ದೀಪಕ್ಕೆ ಗೂಡು, ಬಟ್ಟೆಗೆ ಗೂಟ, ತೊಟ್ಟಿಲಿಗೆ ತೊಲೆ. ಯಾವುದು ಎಲ್ಲಿ ತೂಗಬೇಕು ಎಂದು ಮನೆ ಕಟ್ಟಿಸುವ ಯಜಮಾನ ಮೊದಲೇ ನಿರ್ಧರಿಸಿರುತ್ತಿದ್ದ. ಗೂಟ ಎಂದರೆ ಗೋಡೆಯ ಒಡೆತನ ಅಂತಲೇ ಲೆಕ್ಕ.

ಮುಂಬಯಿಗೆ ಹಡಗು ಹತ್ತಿ ಬಂದ ಹುಡುಗನಿಗೆ ಗೂಟ ಹಾಗಿರಲಿ, ಗೋಡೆಯೇ ಇರಲಿಲ್ಲ. ಹೋಟೆಲಿನಲ್ಲಿ ಕೆಲಸ, ಬಾಗಿಲು ಹಾಕಿದ ಮೇಲೆ ಅಲ್ಲೇ ನೆಲದ ಮೇಲೋ ಮೇಜಿನ ಮೇಲೋ ನಿದ್ದೆ. ಅವನ ಆಸ್ತಿ ಒಂದು ತಗಡಿನ ಟ್ರಂಕು. ಟ್ರಂಕು ಅಂದರೆ ಗೋಡೆ ಇಲ್ಲದವನ ಗೋಡೆ. ನಂತರ ಅವನು ಒಂದು ಚಾಳಿನ ಖೋಲಿಯನ್ನು ನಾಲ್ಕು ಜನರ ಜೊತೆ ಹಂಚಿಕೊಂಡ, ಅಲ್ಲಿ ಅವನ ಅಂಗಿಗೆ ಒಂದು ಮೊಳೆ ಸಿಕ್ಕಿತು. ‘ಆ ಮೂಲೆಯ ಮೊಳೆ ನನ್ನದು’ ಎಂದು ಜಗಳವಾಡಿದ ಕಥೆಗಳನ್ನು ಹಳಬರು ನಗುತ್ತಾ ಹೇಳುತ್ತಿದ್ದರು. ನಗುವ ವಿಷಯವೇನೂ ಆಗಿರಲಿಲ್ಲ.

ಆ ಹಳೆಯ ಚಾಳುಗಳ ಗೋಡೆ ಸಂಭಾವಿತ ಗೋಡೆ. ಗಿರಗಾಂವ್, ಕಾಳಬಾದೇವಿ, ಭೂಲೇಶ್ವರದ ಕಡೆ ಹತ್ತೊಂಬತ್ತನೆಯ ಶತಮಾನದಲ್ಲಿ ಎದ್ದ ಎಷ್ಟೋ ಕಟ್ಟಡಗಳದ್ದು ಮರದ ಚೌಕಟ್ಟು. ಸಾಗುವಾನಿ ಕಂಬ, ತೊಲೆ, ನಡುನಡುವೆ ಇಟ್ಟಿಗೆ ತುಂಬಿ ಸುಣ್ಣದ ಗಾರೆ. ತೂಕ ಹೊರುವುದು ಮರ, ಇಟ್ಟಿಗೆ ಸುಮ್ಮನೆ ಮರೆ. ಆದ್ದರಿಂದ ಭಾರದ ವಸ್ತು ತೂಗಿಸಬೇಕಾದರೆ ಕಂಬ ಹುಡುಕಿ ಅದಕ್ಕೇ ಮೊಳೆ ಹೊಡೆದರಾಯಿತು. ತೊಟ್ಟಿಲಿಗೆ ತೊಲೆ ಇದ್ದೇ ಇತ್ತು, ಊರಿನ ಹಾಗೆಯೇ. ಜಾಗ ಸಾಲದಾದಾಗ ಖೋಲಿಯ ಅರ್ಧಕ್ಕೆ ಹಲಗೆ ಹಾಕಿ ಮಾಳಾ ಮಾಡಿಕೊಂಡರು. ಅದಕ್ಕೂ ಆಧಾರ ಈ ಮರದ ಕಂಬಗಳೇ. ಇಟ್ಟಿಗೆಗೇ ಹೊಡೆಯಬೇಕಾದ ಕಡೆ ಮಾತ್ರ ಚಾಣ, ಸುತ್ತಿಗೆ ಹಿಡಿದು ಒಂದೂವರೆ ಇಂಚು ಚೌಕದ ಕುಳಿ ಕೊರೆದು, ಅದಕ್ಕೆ ಬೆಣೆಯಾಕಾರದ ಮರದ ತುಂಡು ಬಡಿದು, ಆ ಮರಕ್ಕೆ ಸ್ಕ್ರೂ ತಿರುಗಿಸುತ್ತಿದ್ದರು. ಈ ಮರದ ತುಂಡಿಗೆ ಇಲ್ಲಿನ ಹೆಸರು ಗಿಟ್ಟಿ. ಮುಂಬಯಿಯಲ್ಲಿ ವಿದ್ಯುತ್ ಸಂಪರ್ಕ ಮನೆಮನೆಗೆ ಬಂದಾಗ ವೈರ್ ಎಳೆಯುವ ಮರದ ಪಟ್ಟಿಗಳನ್ನು ಹಿಡಿದದ್ದು ಸಾವಿರಾರು ಗಿಟ್ಟಿಗಳು. ಚೆನ್ನಾಗಿ ಒಣಗಿದ ಮರವಾದರೆ ಗಟ್ಟಿ. ಹಸಿ ಮರವಾದರೆ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ, ಒಂದು ದಿನ ಸ್ವಿಚ್ಚಿನ ಸಮೇತ ಕೈಗೆ ಬರುತ್ತಿತ್ತು.

ಸುಣ್ಣದ ಗಾರೆಯ ಬಗ್ಗೆ ಒಂದು ಮಾತು ಸೇರಿಸಬೇಕು. ಅದು ನಿಧಾನವಾಗಿ ಗಟ್ಟಿಯಾಗುತ್ತದೆ, ಸ್ವಲ್ಪ ಬಗ್ಗುತ್ತದೆ, ಸುತ್ತಿಗೆಯ ಏಟಿಗೆ ಸಿಡಿಯುವುದಕ್ಕಿಂತ ಪುಡಿಯಾಗುತ್ತದೆ. ದುರ್ಬಲ ಅನ್ನಬೇಡಿ. ನಮ್ಮ ಕನ್ನಂಬಾಡಿ ಕಟ್ಟೆ ನಿಂತಿರುವುದು ಕಲ್ಲು ಮತ್ತು ಸುರ್ಕಿ ಗಾರೆಯ ಮೇಲೆ. ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುಣ್ಣ ಅದು. ಅದನ್ನು ಕಟ್ಟಿಸಿದ ವಿಶ್ವೇಶ್ವರಯ್ಯನವರು ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, 1884ರಲ್ಲಿ ಬೊಂಬಾಯಿ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿದವರು. ಹೊರನಾಡ ಕನ್ನಡಿಗರ ಪಟ್ಟಿ ಮಾಡುವಾಗ ಅವರನ್ನು ಯಾಕೋ ಮರೆಯುತ್ತೇವೆ.

ಇರಲಿ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಗಾಳಿ ಬೆಳಕಿಲ್ಲದ ಚಾಳುಗಳ ಮೇಲೆ ಎಲ್ಲರ ಕಣ್ಣು ಬಿತ್ತು. 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿ, ರಸ್ತೆ ಅಗಲಿಸಿ, ಮುಂದೆ ದಾದರ್, ಮಾಟುಂಗಾ ಬಡಾವಣೆಗಳನ್ನು ಹಾಕಿತು. ಮಾಟುಂಗಾದಲ್ಲಿ ದಕ್ಷಿಣದವರು ನೆಲೆಯೂರಿದ್ದು, 1926ರಲ್ಲಿ ಮೈಸೂರು ಅಸೋಸಿಯೇಶನ್ ಶುರುವಾದದ್ದು ನಿಮಗೆ ಗೊತ್ತಿರಬಹುದು. ಆದರೆ ಗೋಡೆಯ ಕಥೆಗೆ ಮುಖ್ಯವಾದದ್ದು ಇನ್ನೊಂದು ಇಲಾಖೆ. 1920ರಲ್ಲಿ ಗವರ್ನರ್ ಜಾರ್ಜ್ ಲಾಯ್ಡ್ ಕಾಲದಲ್ಲಿ ಹುಟ್ಟಿದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್. ಜನರ ಬಾಯಲ್ಲಿ ಬಿಡಿಡಿ.

ಗಿರಣಿ ಕಾರ್ಮಿಕರಿಗೆ 50 ಸಾವಿರ ಖೋಲಿ ಕಟ್ಟುತ್ತೇವೆ ಅಂದರು. ನಗರಕ್ಕೆ ಬರುವ ಪ್ರತಿ ಹತ್ತಿ ಬೇಲಿನ ಮೇಲೆ ಒಂದು ರೂಪಾಯಿ ಸುಂಕ ಹಾಕಿದರು. ಕೊನೆಗೆ ಆದದ್ದು ಸುಮಾರು 16 ಸಾವಿರ: ವರ್ಲಿ, ನಾಯ್ಗಾಂವ್, ಡಿಲಾಯಲ್ ರೋಡ್, ಶಿವಡಿ, ನಾಲ್ಕು ಕಡೆ ಸೇರಿ 207 ಕಟ್ಟಡ. ಒಂದೊಂದರಲ್ಲಿ 80 ಖೋಲಿ, ಒಂದೊಂದು ಖೋಲಿ 160 ಚದರಡಿ. ಇವನ್ನು ಇಟ್ಟಿಗೆಯಿಂದಲ್ಲ, ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನಿಂದ ಕಟ್ಟಿದರು. ನಮ್ಮ ದೇಶದಲ್ಲಿ ಸಿಮೆಂಟಿನ ಉತ್ಪಾದನೆ ಪೋರಬಂದರಿನಲ್ಲಿ ಭದ್ರವಾಗಿ ಶುರುವಾದದ್ದೇ 1914ರಲ್ಲಿ. ಹತ್ತು ವರ್ಷ ತುಂಬುವುದರೊಳಗೆ ಬಡವರ ಮನೆಯ ಗೋಡೆಗೆ ಅದು ಬಂದಿತ್ತು. ಖೋಲಿಗಳು ಕತ್ತಲು, ಬಾಡಿಗೆ ಜಾಸ್ತಿ ಎಂದು ಮೊದಮೊದಲು ಜನ ಹೋಗಲೇ ಇಲ್ಲ. ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ ವರ್ಲಿಯ ಚಾಳುಗಳನ್ನು ತಾತ್ಕಾಲಿಕ ಜೈಲು ಮಾಡಿದ್ದರು. ಅಂಥ ಗೋಡೆ.

ಈ ಗೋಡೆಗೆ ಮೊಳೆ ಹೊಡೆದು ನೋಡಿ. ಮೊಳೆ ಬಗ್ಗುತ್ತದೆ, ಇಲ್ಲವೇ ಕಿಡಿ ಹಾರಿಸಿ ಎಲ್ಲೋ ಹೋಗಿ ಬೀಳುತ್ತದೆ. ಮುಂಬಯಿ ಕಾಂಕ್ರೀಟಿನ ಜಲ್ಲಿ ಇಲ್ಲಿನದೇ ಕರಿಕಲ್ಲು, ಅಗ್ನಿಶಿಲೆ. ಬೆಂಗಳೂರಿನ ಕಾಂಕ್ರೀಟಿನಲ್ಲಿ ಗ್ರಾನೈಟ್ ಜಲ್ಲಿ ಇರುವ ಹಾಗೆ ಇಲ್ಲಿ ಇದು. ಕಾಂಕ್ರೀಟಿಗೆ ಇನ್ನೊಂದು ಗುಣ ಇದೆ: ಅದು ಒತ್ತಡ ತಡೆಯುವುದರಲ್ಲಿ ಗಟ್ಟಿಗ, ಎಳೆತ ತಡೆಯುವುದರಲ್ಲಿ ಬಲಹೀನ. ಆದ್ದರಿಂದ ಸುತ್ತಿಗೆಯ ಏಟು ಜೋರಾದರೆ ತೂತಿನ ಬಾಯಿಯೇ ಬಟ್ಟಲಿನ ಹಾಗೆ ಎದ್ದು ಬರುತ್ತದೆ. ಚಾಣದಿಂದ ಚೌಕದ ಕುಳಿ ಕೊರೆಯಲು ಹೋದರೆ ಅರ್ಧ ದಿನ, ಗೋಡೆಯೂ ಹಾಳು. ಮರದ ಕಂಬ ಇಲ್ಲ, ತೊಲೆ ಇಲ್ಲ. ಗೂಟದ ಸಂಸ್ಕೃತಿ ಅಲ್ಲಿಗೆ ನಿಂತಿತು.

ಇದಕ್ಕೆ ಉತ್ತರ ಅಷ್ಟರೊಳಗೆ ಲಂಡನ್ನಿನಲ್ಲಿ ಸಿಕ್ಕಿತ್ತು. ಜಾನ್ ಜೋಸೆಫ್ ರಾಲಿಂಗ್ಸ್ ಎಂಬ ಗುತ್ತಿಗೆದಾರ. ಬ್ರಿಟಿಷ್ ಮ್ಯೂಸಿಯಂ ಗೋಡೆಗೆ ವಿದ್ಯುತ್ ಉಪಕರಣ ಹಾಕುವ ಕೆಲಸ ಅವನಿಗೆ ಬಂತು. ಗೋಡೆಗೆ ಗಾಯ ಕಾಣಬಾರದು ಅನ್ನುವುದು ಷರತ್ತು. ಅವನು ಸೆಣಬಿನ ನಾರನ್ನು ಪ್ರಾಣಿಗಳ ರಕ್ತದಿಂದ ಅಂಟಿಸಿ ಗಟ್ಟಿ ಮಾಡಿ ಸಣ್ಣ ಕೊಳವೆ ತಯಾರಿಸಿದ. ಗೋಡೆಯಲ್ಲಿ ಪೆನ್ಸಿಲ್ ದಪ್ಪದ ದುಂಡು ತೂತು, ಅದರೊಳಗೆ ಕೊಳವೆ, ಕೊಳವೆಯೊಳಗೆ ಸ್ಕ್ರೂ. ಸ್ಕ್ರೂ ತಿರುಗಿದಂತೆ ನಾರು ಹಿಗ್ಗಿ ಗೋಡೆಯನ್ನು ಸುತ್ತಲೂ ಒತ್ತುತ್ತದೆ. ಹಿಡಿತಕ್ಕೆ ಈ ಒತ್ತುವಿಕೆಯೇ ಕಾರಣ. 1911ರಲ್ಲಿ ಪೇಟೆಂಟ್. ಅವನ ಹೆಸರಿನಿಂದಲೇ ರಾಲ್‌ಪ್ಲಗ್. ಸೆಣಬು ಆ ಕಾಲಕ್ಕೆ ಜಗತ್ತಿಗೆಲ್ಲ ಹೋಗುತ್ತಿದ್ದದ್ದು ಬಂಗಾಳದಿಂದ. ಅಂದರೆ ನಮ್ಮ ನೆಲದ ನಾರೇ ಲಂಡನ್ ಸುತ್ತಿ ಹೊಸ ಹೆಸರು ಹೊತ್ತಿತು. ಹೆಸರನ್ನು ಮಾತ್ರ ನಾವು ನಮ್ಮದಾಗಿ ಮಾಡಿಕೊಂಡೆವು. ಮುಂಬಯಿ ಇರಲಿ ಬೆಂಗಳೂರಿರಲಿ, ಅಂಗಡಿಗೆ ಬಂದ ವೈರ್‌ಮನ್ ಕೇಳುವುದು ‘ರಾಯಲ್ ಪ್ಲಗ್’. ಸೆಣಬಿನ ನಾರು, ಕಸಾಯಿಖಾನೆಯ ರಕ್ತ ಸೇರಿ ರಾಜಯೋಗ ಬಂತು ನೋಡಿ.

ಪ್ಲಗ್ಗಿಗೆ ದುಂಡು ತೂತು ಬೇಕಲ್ಲ, ಅದನ್ನು ಕೊರೆಯುವುದು ಹೇಗೆ? ಮರಕ್ಕೆ ಬೈರಿಗೆ ಇತ್ತು. ಬೈರಿಗೆ ತಿರುಗುತ್ತಾ ಸಿಪ್ಪೆ ತೆಗೆಯುತ್ತದೆ. ಕಲ್ಲಿನಲ್ಲಿ ಸಿಪ್ಪೆ ಬರುವುದಿಲ್ಲ. ಕಲ್ಲನ್ನು ಮೊದಲು ಪುಡಿ ಮಾಡಬೇಕು, ಆಮೇಲೆ ಆ ಪುಡಿಯನ್ನು ಹೊರಗೆ ಹಾಕಬೇಕು. ಹಾಗಾಗಿ ಕೈಯಿಂದ ಕೊರೆಯುವವರು ಜಂಪರ್ ಎಂಬ ಉಕ್ಕಿನ ಕಡ್ಡಿ ಹಿಡಿದು ಒಂದು ಏಟು, ಕಾಲು ಸುತ್ತು, ಒಂದು ಏಟು, ಕಾಲು ಸುತ್ತು ಎಂದು ಹೋಗುತ್ತಿದ್ದರು. ಬಾವಿ ತೋಡುವವರು ಬಂಡೆಗೆ ಮದ್ದು ತುಂಬಲು ತೂತು ಹೊಡೆಯುವುದನ್ನು ನೋಡಿದ್ದರೆ ನಿಮಗೆ ಇದು ಗೊತ್ತು. ಈಗಿನ ಯಂತ್ರಗಳೆಲ್ಲ ಮಾಡುವುದೂ ಅದನ್ನೇ: ಏಟು ಮತ್ತು ಸುತ್ತು. ಮಿನಿಟಿಗೆ ಎಷ್ಟು, ಒಂದೊಂದು ಏಟು ಎಷ್ಟು ಜೋರು, ವ್ಯತ್ಯಾಸ ಅಷ್ಟೇ.

ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ಲನ್ನು ಜರ್ಮನಿಯ ಫೈನ್ ಕಂಪನಿ 1895ರಲ್ಲಿ ಮಾಡಿತ್ತು. ಪಿಸ್ತೂಲಿನ ಹಿಡಿ, ಬೆರಳಿಗೆ ಸಿಗುವ ಕುದುರೆ ಇರುವ ರೂಪಕ್ಕೆ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ 1917ರಲ್ಲಿ ಪೇಟೆಂಟ್ ಪಡೆಯಿತು. ಆದರೆ ಇವೆಲ್ಲ ಬರೀ ಸುತ್ತು, ಏಟಿಲ್ಲ. ಸುತ್ತಿನ ಜೊತೆ ಏಟು ಸೇರಿಸಿದ ಬಾಷ್ ಹ್ಯಾಮರ್ ಬಂದದ್ದು 1932ರಲ್ಲಿ. ಬಿಟ್ಟನ್ನು ಸಿಕ್ಕಿಸಿ, ತಿರುಗಿಸಿ ಭದ್ರ ಮಾಡುವ ಎಸ್‌ಡಿಎಸ್ ಬಾಲ ಬಂದದ್ದು 1975ರಲ್ಲಿ. ಬಾಷ್ ಅಂದರೆ ಬೆಂಗಳೂರಿನವರಿಗೆ ಬೇರೆಯಲ್ಲ. ಆಡುಗೋಡಿಯಲ್ಲಿ 1951ರಿಂದ ಇದ್ದ ಮೈಕೋ 2008ರಲ್ಲಿ ಅದೇ ಹೆಸರು ಹೊತ್ತುಕೊಂಡಿತು.

ನನ್ನ ಮಟ್ಟಿಗೆ ಯಂತ್ರಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಬಿಟ್ಟಿನ ತುದಿಯ ಆ ಪುಟ್ಟ ತುಂಡು. ಉಕ್ಕಿನ ಬಿಟ್ಟು ಕಾಂಕ್ರೀಟಿನಲ್ಲಿ ಕ್ಷಣದಲ್ಲಿ ಮೊಂಡಾಗುತ್ತದೆ. ಟಂಗ್‌ಸ್ಟನ್ ಕಾರ್ಬೈಡ್ ಎಂಬ ವಸ್ತುವನ್ನು 1926ರಲ್ಲಿ ಜರ್ಮನಿಯ ಕ್ರುಪ್ ಕಂಪನಿ ಮಾರುಕಟ್ಟೆಗೆ ತಂದಾಗ ಇಟ್ಟ ಹೆಸರು ವಿಡಿಯಾ. ಜರ್ಮನ್ ಭಾಷೆಯಲ್ಲಿ ‘ವಜ್ರದ ಹಾಗೆ’ ಎನ್ನುವ ಎರಡು ಪದಗಳನ್ನು ಸೇರಿಸಿದ ಹೆಸರು. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಆ ಹೆಸರಿನ ಕಾರ್ಖಾನೆ 1960ರ ದಶಕದಲ್ಲಿ ಬಂತು. ಈಗ ಅದು ಕೆನ್ನಮೆಟಲ್. ಪೀಣ್ಯದ ಲೇತ್ ಕೆಲಸದವರ ಬಾಯಲ್ಲಿ ಕಾರ್ಬೈಡ್ ಅಂದರೆ ಇವತ್ತಿಗೂ ವಿಡಿಯಾ. ನಾಗದೇವಿಯಲ್ಲೂ ಹಾಗೆಯೇ ಕೇಳುವ ಹಳಬರಿದ್ದರು. ನಮ್ಮೂರಿನ ಹೆಸರು ಕೇಳಿದ ಹಾಗಾಗಿ ನನಗೆ ಒಳಗೊಳಗೇ ಖುಷಿ.

ನೈಲಾನ್ ಪ್ಲಗ್ಗಿನ ಕಥೆಯನ್ನೂ ಹೇಳಿಬಿಡುತ್ತೇನೆ. ಜರ್ಮನಿಯ ಕಪ್ಪು ಕಾಡಿನ ಟುಮ್ಲಿಂಗನ್ ಎಂಬ ಹಳ್ಳಿಯ ಆರ್ಥರ್ ಫಿಶರ್ ಬೀಗ, ಕಬ್ಬಿಣದ ಕೆಲಸ ಕಲಿತವನು. 1958ರಲ್ಲಿ ಅವನು ಮಾಡಿದ ಬೂದು ಬಣ್ಣದ ನೈಲಾನ್ ಪ್ಲಗ್ಗೇ ನಮ್ಮ ನಿಮ್ಮ ಮನೆಗಳಲ್ಲಿರುವ ಪ್ಲಗ್ಗುಗಳ ಮೂಲಪುರುಷ. ಮಧ್ಯದಲ್ಲಿ ಸೀಳು, ಮೈಮೇಲೆ ಹಲ್ಲು, ಪಕ್ಕದಲ್ಲಿ ಎರಡು ನಾಲಗೆ. ಸ್ಕ್ರೂ ಹೋದಂತೆ ಎರಡು ಹೋಳೂ ಅಗಲವಾಗುತ್ತವೆ, ನಾಲಗೆಗಳು ಪ್ಲಗ್ಗನ್ನು ಸುತ್ತಲು ಬಿಡುವುದಿಲ್ಲ. ನೀರಿಗೆ ಕೊಳೆಯುವುದಿಲ್ಲ, ಮುಂಬಯಿಯ ಮಳೆಗಾಲಕ್ಕೆ ಇದಕ್ಕಿಂತ ವರ ಬೇಡ. 2016ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡಾಗ ಅವನ ಹೆಸರಿನಲ್ಲಿ 1,100ಕ್ಕೂ ಹೆಚ್ಚು ಪೇಟೆಂಟುಗಳಿದ್ದವು.

ಸರಿ, ಇಷ್ಟೆಲ್ಲ ಬಂದರೂ ಮುಂಬಯಿಯ ಗೋಡೆ ಮನುಷ್ಯನನ್ನು ಆಟ ಆಡಿಸುವುದು ಬಿಡಲಿಲ್ಲ. ಯಾಕೆಂದರೆ ಈ ಊರಲ್ಲಿ ಗೋಡೆ ಒಂದೇ ಜಾತಿಯದಲ್ಲ. ಒಂದೇ ಖೋಲಿಯಲ್ಲಿ ಮೂರು ಜಾತಿ. ಕಂಬ, ತೊಲೆ ಕಾಂಕ್ರೀಟ್, ನಡುವೆ ಇಟ್ಟಿಗೆ, ಅಡಿಗೆಮನೆಯ ಅಡ್ಡಗೋಡೆ ಇನ್ನೇನೋ. ಮೇಲೆ ಎಲ್ಲಕ್ಕೂ ಒಂದೇ ಪ್ಲಾಸ್ಟರು, ಒಂದೇ ಬಣ್ಣ. ಕುಂದಾಪುರ ಕಡೆಯ ಒಬ್ಬ ವೈರ್‌ಮನ್ ನಮ್ಮ ಅಂಗಡಿಗೆ ಬರುತ್ತಿದ್ದರು. ಯಾವ ಪ್ಲಗ್ಗು ಕೊಡಲಿ ಅಂತ ನಾನು ಕೇಳಿದರೆ, “ಗ್ವಾಡಿ ಹತ್ರವೇ ಕೇಣಿ ಮಾರಾಯ್ರೆ” ಅನ್ನುತ್ತಿದ್ದರು. ಅವರು ಗೋಡೆಯನ್ನು ಕೇಳುತ್ತಿದ್ದ ರೀತಿ ಹೀಗೆ: ಮೊದಲು ಬೆರಳ ಗೆಣ್ಣಿನಿಂದ ತಟ್ಟುವುದು. ಆಮೇಲೆ ಸಣ್ಣ ಬಿಟ್ಟಿನಿಂದ, ಏಟು ಹಾಕದೆ, ಒಂದು ಪರೀಕ್ಷೆಯ ತೂತು. ಬಿಟ್ಟಿನ ಜೊತೆ ಹೊರಗೆ ಬರುವ ಪುಡಿಯ ಬಣ್ಣ ನೋಡುವುದು. ಮೊದಲ ಅರ್ಧ ಇಂಚು ಪ್ಲಾಸ್ಟರು, ಅದರ ಮಾತು ನಂಬಬಾರದು. ಆಮೇಲೆ ಕೆಂಪು ಬಂದರೆ ಇಟ್ಟಿಗೆ. ಬೂದು ಬಂದು ಬಿಟ್ಟು ಮುಂದೆ ಹೋಗಲು ಹಟ ಮಾಡಿದರೆ ಕಾಂಕ್ರೀಟ್. ಬೂದು ಬಂದು ಬಿಟ್ಟು ಸರಾಗ ಹೋದರೆ ನೀವು ಇಟ್ಟಿಗೆಗಳ ನಡುವಿನ ಸಂದಿಯ ಗಾರೆಯಲ್ಲಿದ್ದೀರಿ, ಒಂದೂವರೆ ಇಂಚು ಮೇಲೆ ಹೋಗಿ. ಬಿಳಿ ಹಿಟ್ಟಿನ ಹಾಗೆ ಬಂದರೆ ಹಗುರ ಬ್ಲಾಕು.

ಇಟ್ಟಿಗೆಗೆ ಸಾಧಾರಣ ಇಂಪ್ಯಾಕ್ಟ್ ಡ್ರಿಲ್ಲು ಸಾಕು. ಅದರೊಳಗೆ ಹಲ್ಲಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಉರುಳಿ ಮಿನಿಟಿಗೆ ಹತ್ತಾರು ಸಾವಿರ ಸಣ್ಣ ಏಟು ಕೊಡುತ್ತವೆ. ಏಟಿನ ಬಲ ನಿಮ್ಮ ತೋಳಿನಿಂದಲೇ ಬರಬೇಕು, ಒತ್ತಿ ಹಿಡಿಯಬೇಕು. ಪೊಳ್ಳು ಇಟ್ಟಿಗೆಯಾದರೆ ಆ ಏಟನ್ನೂ ನಿಲ್ಲಿಸಿ ಬರೀ ಸುತ್ತಿನಲ್ಲೇ ಕೊರೆಯಬೇಕು, ಇಲ್ಲದಿದ್ದರೆ ಒಳಗಿನ ತೆಳು ಗೋಡೆ ಒಡೆದು ಪ್ಲಗ್ಗು ಗಾಳಿಯಲ್ಲಿ ನೇತಾಡುತ್ತದೆ. ಕಾಂಕ್ರೀಟಿಗೆ ಇಂಪ್ಯಾಕ್ಟ್ ಡ್ರಿಲ್ಲಿನಿಂದ ಒಂದೆರಡು ತೂತು ಹೇಗೋ ಆದೀತು. ಹತ್ತು ತೂತಾದರೆ ಮಷೀನು ಕಾದು ವಾಸನೆ ಬರುತ್ತದೆ, ಮಾಡುವವನ ಹೆಗಲೂ ಬೀಳುತ್ತದೆ. ಅಲ್ಲಿ ರೋಟರಿ ಹ್ಯಾಮರೇ ಬೇಕು. ಅದರಲ್ಲಿ ಒಂದು ಪಿಸ್ಟನ್ ಗಾಳಿಯನ್ನು ಒತ್ತಿ, ಆ ಗಾಳಿ ಒಂದು ಉಕ್ಕಿನ ಗುಂಡನ್ನು ಬಿಟ್ಟಿನ ಬಾಲಕ್ಕೆ ಬಡಿಯುತ್ತದೆ. ಮಿನಿಟಿಗೆ ಏಟು ನಾಲ್ಕೈದು ಸಾವಿರವಷ್ಟೇ, ಆದರೆ ಒಂದೊಂದೂ ನಿಜವಾದ ಏಟು. ಒತ್ತುವ ಕೆಲಸವಿಲ್ಲ, ಹಿಡಿದು ನಿಂತರಾಯಿತು.

ತೂತಿನ ಅಳತೆಯಲ್ಲಿ ಜುಗ್ಗತನ, ಧಾರಾಳತನ ಎರಡೂ ಕೂಡದು. 6 ಮಿಲಿಮೀಟರ್ ಪ್ಲಗ್ಗಿಗೆ 6ರದೇ ಬಿಟ್ಟು, ಸ್ಕ್ರೂ 4ರಿಂದ 5. ಎಂಟರ ಪ್ಲಗ್ಗಿಗೆ 5ರಿಂದ 6ರ ಸ್ಕ್ರೂ. ತೂತು ಪ್ಲಗ್ಗಿಗಿಂತ ಒಂದು ಸೆಂಟಿಮೀಟರಿನಷ್ಟು ಆಳ ಹೆಚ್ಚಿರಬೇಕು, ಉಳಿದ ಪುಡಿಗೂ ಸ್ಕ್ರೂವಿನ ತುದಿಗೂ ಜಾಗ ಬೇಕಲ್ಲ. ಮತ್ತೆ ಆ ಪುಡಿಯನ್ನು ಊದಿ ತೆಗೆಯಬೇಕು. ಇದನ್ನು ಯಾರೂ ಮಾಡುವುದಿಲ್ಲ. ಪ್ಲಗ್ಗು ಹಿಡಿಯುವುದು ಗೋಡೆಯನ್ನು ಒತ್ತಿ, ಪುಡಿ ಇದ್ದರೆ ಅದು ಪುಡಿಯನ್ನು ಒತ್ತಿಕೊಂಡು ಕೂರುತ್ತದೆ. ಪ್ಲಾಸ್ಟರಿನಲ್ಲೇ ಮುಗಿದುಹೋಗುವ ಗಿಡ್ಡ ಪ್ಲಗ್ಗು ಹಾಕಿ ಮೇಲೆ ಪಾತ್ರೆಯ ಹಲಗೆ ಹೊರಿಸಿದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಎಪ್ಪತ್ತರ ದಶಕದ ಕಟ್ಟಡಗಳಲ್ಲಿ ಈ ಎಚ್ಚರ ಇನ್ನೂ ಬೇಕು ಎಂದು ಮಿಸ್ತ್ರಿಗಳು ಹೇಳುತ್ತಿದ್ದರು. ಆಗ ಸಿಮೆಂಟಿಗೆ ಪರ್ಮಿಟ್ಟು. ಸಿಮೆಂಟ್ ಹಂಚಿಕೆಗೂ ಟ್ರಸ್ಟಿಗೆ ಬಂದ ದೇಣಿಗೆಗೂ ನಂಟಿದೆ ಎಂದು ಬಾಂಬೆ ಹೈಕೋರ್ಟ್ ಹೇಳಿದ್ದರಿಂದ ಮುಖ್ಯಮಂತ್ರಿ ಅಂತುಳೆ 1982ರ ಜನವರಿಯಲ್ಲಿ ರಾಜೀನಾಮೆ ಕೊಡಬೇಕಾಯಿತು ಅಂದರೆ ಸಿಮೆಂಟಿನ ಬೆಲೆ ಏನೆಂದು ಊಹಿಸಿ. ಅದೇ ವರ್ಷ ಅರ್ಧ, 1989ರಲ್ಲಿ ಪೂರ್ತಿ ನಿಯಂತ್ರಣ ತೆಗೆದರು. ಆ ಕಾಲದ ಕೆಲವು ಗೋಡೆಗಳಿಗೆ ಬಿಟ್ಟು ಹಾಕಿದರೆ ಬರೀ ಮರಳು ಸುರಿಯುವುದನ್ನು ನಾನೇ ಕಂಡಿದ್ದೇನೆ.

ಇನ್ನು ಹಕ್ಕಿನ ಮಾತು. ಗೋಡೆ ಹಿಡಿದುಕೊಳ್ಳಲು ಒಪ್ಪಿದರೂ ಗೋಡೆಯ ಒಡೆಯ ಒಪ್ಪಬೇಕಲ್ಲ. 1947ರ ಬಾಡಿಗೆ ಕಾಯ್ದೆಯಿಂದಾಗಿ ಪಗಡಿ ಕೊಟ್ಟು ಕೂತವನನ್ನು ಎಬ್ಬಿಸುವುದು ಕಷ್ಟವಾಗಿತ್ತು. ಮಾಲೀಕರಿಗೆ ಇದ್ದ ದಾರಿಗಳಲ್ಲಿ ಒಂದು, ‘ಅನುಮತಿ ಇಲ್ಲದೆ ಶಾಶ್ವತ ನಿರ್ಮಾಣ ಮಾಡಿದ್ದಾನೆ’ ಎಂಬ ದೂರು. ಮಾಳಾ ಶಾಶ್ವತವೋ ತಾತ್ಕಾಲಿಕವೋ? ಗೋಡೆಗೆ ಬೋಲ್ಟು ಹಾಕಿ ಕೂರಿಸಿದ ಅಡಿಗೆಕಟ್ಟೆ? ಇದರ ಮೇಲೆ ಕೋರ್ಟುಗಳಲ್ಲಿ ವರ್ಷಗಟ್ಟಲೆ ವಾದ. 2000ದ ಮಾರ್ಚ್ 31ರಿಂದ ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಕೊನೆಗೆ ಪಟ್ಟಿ ಮಾಡಿ ಹೇಳಿತು: ಮರದ ಅಡ್ಡಗೋಡೆ, ನಿಂತು ಅಡಿಗೆ ಮಾಡುವ ಕಟ್ಟೆ, ಬಾಗಿಲು, ಜಾಲಂದ್ರ, ಗಾಳಿಗೆ ಕಿಟಕಿ, ಫಾಲ್ಸ್ ಸೀಲಿಂಗ್, ಏರ್ ಕಂಡೀಷನರ್, ಹೊಗೆ ಹೋಗುವ ಕೊಳವೆ, ಇವು ಶಾಶ್ವತ ನಿರ್ಮಾಣವಲ್ಲ, ಬೇಕಾದ ಕಡೆ ಮುನಿಸಿಪಾಲಿಟಿಯ ಅನುಮತಿ ಪಡೆದಿದ್ದರೆ. ಒಂದು ಸರ್ಕಾರ ಕೂತು ಅಡಿಗೆಕಟ್ಟೆಯ ಬಗ್ಗೆ ಕಾನೂನು ಬರೆಯಬೇಕಾದರೆ ಅದಕ್ಕಾಗಿ ಎಷ್ಟು ಸಂಸಾರಗಳು ಮೆಟ್ಟಿಲು ಹತ್ತಿರಬೇಕು! ಈಗ ಕರ್ನಾಟಕದಿಂದ ಬರುವ ಹುಡುಗರು ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸಿನ ಮೇಲೆ ಇರುವವರು. ಅವರ ಕರಾರಿನಲ್ಲಿ ಎಷ್ಟೋ ಸಲ ‘ಗೋಡೆಗೆ ತೂತು ಮಾಡಕೂಡದು’ ಎಂದು ಬರೆದಿರುತ್ತದೆ. ಅಂಟಿಸುವ ಕೊಕ್ಕೆ ಕೊಂಡುಕೊಳ್ಳುತ್ತಾರೆ, ಖಾಲಿ ಮಾಡುವಾಗ ಅದು ಬಣ್ಣದ ಸಮೇತ ಕಿತ್ತು ಬಂದು ಡಿಪಾಸಿಟ್ಟಿನಲ್ಲಿ ಕಡಿತವಾಗುತ್ತದೆ.

ತೊಟ್ಟಿಲಿನ ವಿಷಯಕ್ಕೆ ಬರಲೇಬೇಕು. ಚೊಚ್ಚಲ ಮೊಮ್ಮಗುವಿನ ನಾಮಕರಣಕ್ಕೆ ಊರಿನಿಂದ ಅಜ್ಜಿ ಬರುತ್ತಾರೆ, “ತೊಟ್ಟಿಲು ಎಲ್ಲಿ ಕಟ್ತೀಯಪ್ಪಾ?” ಅಂತ ಮೊದಲ ಪ್ರಶ್ನೆ. ತಲೆ ಎತ್ತಿ ನೋಡಿದರೆ ಬೋಳು ಸ್ಲ್ಯಾಬು. ನಡುವೆ ಫ್ಯಾನಿನ ಕೊಕ್ಕೆ ಒಂದೇ. ಸ್ಲ್ಯಾಬ್ ಹಾಕುವಾಗಲೇ ಸರಳಿಗೆ ಕಟ್ಟಿ ಕಾಂಕ್ರೀಟಿನಲ್ಲಿ ಹುದುಗಿಸಿದ ಕೊಕ್ಕೆಯಾದರೆ ನಂಬಬಹುದು. ಒಂದು ಥರದಲ್ಲಿ ಅದು ಗಿಳಿಗೂಟದ ಮರಿಮಗ. ಆಮೇಲೆ ತೂತು ಹೊಡೆದು ಹಾಕುವುದಾದರೆ ನೈಲಾನ್ ಪ್ಲಗ್ಗು ಸರ್ವಥಾ ಬೇಡ. ಗೋಡೆಗೆ ಹಾಕಿದ ಪ್ಲಗ್ಗಿನ ಮೇಲೆ ಭಾರ ಅಡ್ಡಲಾಗಿ ಕೂರುತ್ತದೆ. ಸೂರಿಗೆ ಹಾಕಿದ್ದನ್ನು ಭಾರ ನೇರವಾಗಿ ಹೊರಗೆ ಎಳೆಯುತ್ತದೆ, ಹಗಲೂ ರಾತ್ರಿ. ತೊಟ್ಟಿಲಾದರೆ ಮೇಲಿನಿಂದ ಜೀಕುವುದು ಬೇರೆ. ಅಲ್ಲಿಗೆ ಉಕ್ಕಿನ ಆಂಕರ್ ಬೋಲ್ಟೇ ಆಗಬೇಕು. ಬಿಗಿದಂತೆ ತುದಿಯ ಶಂಕು ತೋಳನ್ನು ಹಿಗ್ಗಿಸಿ ಕಾಂಕ್ರೀಟನ್ನು ಕಚ್ಚುವಂಥದ್ದು. ಸ್ಲ್ಯಾಬಿನ ಅಂಚಿನಿಂದ ಬೋಲ್ಟಿನ ದಪ್ಪದ ಹತ್ತು ಪಟ್ಟಾದರೂ ದೂರ ಇರಬೇಕು, ಇಲ್ಲದಿದ್ದರೆ ಹಿಗ್ಗುವ ಬಲಕ್ಕೆ ಅಂಚೇ ಸೀಳುತ್ತದೆ. ಇಟ್ಟಿಗೆಗೆ ಇದೇ ಬೋಲ್ಟು ಹಾಕಿದರೆ ಇಟ್ಟಿಗೆ ಬಿರಿಯುತ್ತದೆ, ಅದು ಬೇರೆ ಮಾತು.

ತೂತಿನೊಳಗೆ ರಾಳದ ಅಂಟು ಸುರಿದು ಸರಳು ನಿಲ್ಲಿಸುವ ಕೆಮಿಕಲ್ ಆಂಕರ್ ಈಗ ಬಹಳ ಚಾಲ್ತಿಯಲ್ಲಿದೆ. ಒಳ್ಳೆಯದೇ. ಆದರೆ 2012ರ ಡಿಸೆಂಬರ್ 2ರಂದು ಜಪಾನಿನ ಸಸಾಗೊ ಸುರಂಗದಲ್ಲಿ ಅಂಟಿನಿಂದ ಹಿಡಿದ ಬೋಲ್ಟುಗಳು ಕಳಚಿ ಮೇಲ್ಛಾವಣಿಯ ಕಾಂಕ್ರೀಟ್ ಹಲಗೆಗಳು ಬಿದ್ದು ಒಂಬತ್ತು ಜನ ಸತ್ತರು. ಆ ಸುರಂಗ 1977ರದು. ಮೂವತ್ತೈದು ವರ್ಷ ಹಿಡಿದ ಬೋಲ್ಟು ಒಂದು ಬೆಳಿಗ್ಗೆ ಬಿಟ್ಟಿತು.

ಕಬ್ಬಿಣದ ಸರಳಿಗೆ ಬಿಟ್ಟು ತಾಗಿದರೆ ಮಷೀನಿನ ಶಬ್ದವೇ ಬದಲಾಗುತ್ತದೆ. ಅಲ್ಲಿ ನಿಲ್ಲಿಸಿ ಪಕ್ಕದಲ್ಲಿ ಹೊಸ ತೂತು ಮಾಡಬೇಕು. ಹಟಕ್ಕೆ ಬಿದ್ದು ಸರಳು ಕತ್ತರಿಸುವ ಮಿಸ್ತ್ರಿಗಳಿದ್ದಾರೆ. ಸಮುದ್ರದ ಗಾಳಿಗೆ ಮುಂಬಯಿಯ ಹಳೆಯ ಕಾಂಕ್ರೀಟಿನೊಳಗೆ ಸರಳು ಮೊದಲೇ ತುಕ್ಕು ಹಿಡಿದು ಊದಿರುತ್ತದೆ, ಅಂಥದ್ದಕ್ಕೆ ಇದು ಮೇಲೆ ಬರೆ. ತೂತಿನ ಮಾತು ಹಾಗಿರಲಿ, ಕಂಬಗಳನ್ನೇ ಮುಟ್ಟುವವರಿದ್ದಾರೆ. 2017ರ ಜುಲೈ 25ರಂದು ಘಾಟ್‌ಕೋಪರಿನ ಸಿದ್ಧಿ ಸಾಯಿ ಕಟ್ಟಡ ಕುಸಿದು 17 ಜನ ಸತ್ತಾಗ ನೆಲಮಹಡಿಯಲ್ಲಿ ನಡೆಯುತ್ತಿದ್ದ ಬದಲಾವಣೆಯ ಕಾಮಗಾರಿಯೇ ಕಾರಣ ಎಂಬ ಆರೋಪ ಬಂತು. ಆಮೇಲೆ ನಮ್ಮ ಸೊಸೈಟಿಯವರು ಡ್ರಿಲ್ ತರುವವರ ಹೆಸರು, ಕೆಲಸದ ವಿವರ ಗೇಟಿನಲ್ಲಿ ಬರೆಸಿಕೊಳ್ಳತೊಡಗಿದರು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಡ್ರಿಲ್ ಬಂದ್ ಎಂಬ ನಿಯಮ ಮೊದಲಿನಿಂದ ಇತ್ತು, ಅದು ಮುದುಕರ ನಿದ್ದೆಗಾಗಿ.

ಪುಣೆಯ ಕನ್ನಡಿಗರಿಗೆ ಗೋಡೆ ಬೇರೆ ಪಾಠ ಕಲಿಸಿದೆ. ಸ್ವೀಡನ್ನಿನಲ್ಲಿ 1920ರ ದಶಕದಲ್ಲಿ ಹುಟ್ಟಿದ, ಬ್ರೆಡ್ಡಿನ ಹಾಗೆ ಒಳಗೆಲ್ಲ ಗಾಳಿ ತುಂಬಿದ ಕಾಂಕ್ರೀಟ್ ಬ್ಲಾಕುಗಳನ್ನು ಸಿಪೋರೆಕ್ಸ್ ಹೆಸರಿನಲ್ಲಿ ಪುಣೆಯಲ್ಲಿ 1970ರ ದಶಕದಲ್ಲೇ ಮಾಡತೊಡಗಿದರು. ಈಗ ಎಲ್ಲ ಕಂಪನಿಗಳ ಹಗುರ ಬ್ಲಾಕಿಗೂ ಅಲ್ಲಿ ಅದೇ ಹೆಸರು. ಅದಕ್ಕೆ ಮೊಳೆ ಸುಲಭವಾಗಿ ಇಳಿಯುತ್ತದೆ, ಅಷ್ಟೇ ಸುಲಭವಾಗಿ ಬರುತ್ತದೆ. ಏಟು ಹಾಕದೆ ಕೊರೆದು, ಅದಕ್ಕೆಂದೇ ಮಾಡಿದ ಉದ್ದ ಪ್ಲಗ್ಗು ಹಾಕಬೇಕು. ಮುಂಬಯಿಯ ಹೊಸ ಗೋಪುರಗಳಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಗೋಡೆ, ಸ್ಲ್ಯಾಬು ಎಲ್ಲವನ್ನೂ ಒಟ್ಟಿಗೆ ಎರಕ ಹೊಯ್ಯುವ ಕಟ್ಟಡಗಳಲ್ಲಿ ಕ್ಯಾಲೆಂಡರ್ ತೂಗಿಸಲೂ ರೋಟರಿ ಹ್ಯಾಮರ್ ಬೇಕು. ಮಿಸ್ತ್ರಿ ಬಂದವನೇ ಗೋಡೆ ತಟ್ಟಿ, “ಸಾಬ್, ಆರ್‌ಸಿಸಿ ಹೈ, ಟೈಮ್ ಲಗೇಗಾ” ಎಂದು ರೇಟು ಏರಿಸುತ್ತಾನೆ.

ಬಿಡಿಡಿ ಚಾಳುಗಳನ್ನು ಒಂದೊಂದಾಗಿ ಕೆಡವಿ ಹೊಸದು ಕಟ್ಟುತ್ತಿದ್ದಾರೆ. 2025ರ ಆಗಸ್ಟಿನಲ್ಲಿ ವರ್ಲಿಯ ಮೊದಲ 556 ಸಂಸಾರಗಳಿಗೆ 40 ಮಹಡಿಯ ಎರಡು ಕಟ್ಟಡಗಳಲ್ಲಿ ಬೀಗದ ಕೈ ಕೊಟ್ಟರು. 160 ಚದರಡಿ ಇದ್ದವರಿಗೆ 500 ಚದರಡಿ, ಸ್ವಂತ ಮನೆ. ಅಲ್ಲಿಗೆ ಹೋದವರಿಗೂ ಬಂದವರಿಗೂ ಬೇಕಾಗುವ ಸಾಮಾನು ನಾಗದೇವಿಯಲ್ಲಿ ಮೊದಲಿನ ಹಾಗೆಯೇ ಡಬ್ಬಿಗಟ್ಟಲೆ ಸಿಗುತ್ತದೆ. ಬೇಕಾದ ಪ್ಲಗ್ಗು ಯಾವುದು ಎಂದು ಗೊತ್ತಿಲ್ಲದಿದ್ದರೆ ಗೋಡೆಯಿಂದ ಬಂದ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ತೋರಿಸಿ. ಹಳೆಯ ಅಂಗಡಿಯವರು ಬಣ್ಣ ನೋಡಿ ಕೊಡುತ್ತಾರೆ.